ಸುಲಭದ ಭಾಷೆಗೆ ಹೂವು ಕೇಳಿದ್ದು

ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಯುತ್ತೇನೆ ಎಂದು ಸುಕನ್ಯ ಹೇಳಿದಾಗ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ಜಗಳವಾಡಿ ಆ ವಾರವೇ ಸೇರಿಬಿಡುತ್ತಿದ್ದಳು. ಅವಳ ಗಂಡ ಮುನೀಂದ್ರ ಅದಕ್ಕಿಂತ ಕೆಟ್ಟ ಕೆಲಸ ಮಾಡಿದ. ಉತ್ಸಾಹದಿಂದ ಒಪ್ಪಿಕೊಂಡ.

"ಕಲಿ, ಕಲಿ. ಆದ್ರೆ ಮೊದಲು ಯಾವ ಲ್ಯಾಂಗ್ವೇಜು ಅಂತ ಡಿಸೈಡ್ ಆಗ್ಬೇಕು. ಶುರು ಮಾಡೋರು ಸುಲಭದ್ದು ಹಿಡೀಬೇಕಂತೆ. ವಿಚಾರಿಸ್ತೀನಿ ಇರು."

"ರೀ, ಇಂದಿರಾನಗರದ ಆ ಕ್ಲಾಸಲ್ಲಿ ಹೇಳ್ಕೊಡೋದು ಪೈಥಾನ್ ಒಂದೇ."

"ನೋಡ್ದ್ಯಾ? ಅದಕ್ಕೇ ನಾಲ್ಕು ಕಡೆ ವಿಚಾರಿಸ್ಬೇಕು ಅನ್ನೋದು."

ವಿಚಾರಿಸುವುದು ಮುನೀಂದ್ರನ ಪೂರ್ಣಾವಧಿ ಉದ್ಯೋಗ. ಅವನ ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ, ರಾಮಮೂರ್ತಿ ನಗರದ ನಡುಮಧ್ಯೆ, ಈಗ ನಾಲ್ಕು ಮಹಡಿಯ ಕಟ್ಟಡ ನಿಂತು ಬಾಡಿಗೆ ಬೆಳೆಯುತ್ತಿದೆ. ಈ ಬೆಳೆಗೆ ಕಳೆ ಕೀಳಬೇಕಾಗಿಲ್ಲ. ನೀರು ಹಾಯಿಸುವ ಕೆಲಸ, ಅಂದರೆ ಬೆಳಿಗ್ಗೆ ಮೋಟರ್ ಸ್ವಿಚ್ ಒತ್ತುವುದು, ಸುಕನ್ಯಳ ಪಾಲಿಗೆ ಬಂದಿತ್ತು. ಗಣಿತದಲ್ಲಿ ಬಿ.ಎಸ್ಸಿ. ಮಾಡಿದವಳಿಗೆ ಆ ಮನೆ ನಂಬಿ ವಹಿಸಿದ ಯಂತ್ರ ಅದೊಂದೇ.

ಹೊಸ ತಿಪ್ಪಸಂದ್ರದ ಟ್ಯೂಷನ್ ಸೆಂಟರಿನವರು ಮಾತ್ರ ಅವಳನ್ನು ಇನ್ನಷ್ಟು ನಂಬಿದ್ದರು. ಇಂದಿರಾನಗರದ ಆ ಕೋರ್ಸಿಗೆ ಸೇರಿಕೊಂಡರೆ ಮಕ್ಕಳಿಗೆ ಕೋಡಿಂಗ್ ಹೇಳಿಕೊಡುವ ಕೆಲಸ ನಿಮಗೇ ಎಂದಿದ್ದರು. ಒಂದು ಬ್ಯಾಚು ಮುನೀಂದ್ರನ ವಿಚಾರಣೆಯಲ್ಲಿ ಕಳೆದುಹೋಯಿತು. ಇನ್ನೊಂದು, ಆ ವಿಚಾರಣೆಯ ಬಗೆಗಿನ ವಿಚಾರಣೆಯಲ್ಲಿ. ಸೋಮವಾರದ ಬ್ಯಾಚೂ ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆಂದು ಸೆಂಟರಿನಿಂದ ಫೋನು ಬಂತು. ಮುನೀಂದ್ರ ಗಾಬರಿಯಾಗಲಿಲ್ಲ. ಶನಿವಾರ ಸಂಜೆ ಟೆರೇಸಿನ ಮೇಲೆ ಸಭೆ ಕರೆದ.

ಸಭೆಗೆ ತಜ್ಞರು ಇಬ್ಬರು. ಇಬ್ಬರೂ ಬಾಡಿಗೆದಾರರು, ಇಬ್ಬರೂ ಸಾಫ್ಟ್‌ವೇರಿನವರು, ಆದ್ದರಿಂದ ಸಲಹೆ ಪುಕ್ಕಟೆ. ಮೊದಲ ಮಹಡಿಯ ಶರಣಬಸವ ಕಲಬುರಗಿ ಕಡೆಯವನು. ಎರಡನೇ ಮಹಡಿಯ ಲೈಬಾ ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವಳು.

"ಸಿ ಲ್ಯಾಂಗ್ವೇಜ್ ಕಲೀರಿ ಅಕ್ಕೋರ," ಎಂದ ಶರಣಬಸವ.

"ಸುಲಭಾನಾ?" ಮುನೀಂದ್ರ ಕೇಳಿದ.

"ಸುಲಭ ಎಲ್ಲಿಂದ ಬರ್ಬೇಕ್ರಿ? ಭಾಳ ತ್ರಾಸ್ ಅದ. ಆದ್ರ ಒಮ್ಮೆ ಅದರಾಗ ಸತ್ತು ಹುಟ್ಟಿದ್ರ ಮುಂದಿಂದೆಲ್ಲಾ ಹೂವಿನ ಹಾಸಿಗಿ."

ಶರಣಬಸವ ಕಾಲೇಜಿನಲ್ಲಿ ಸಿ ಪರೀಕ್ಷೆಗೆ ಎರಡು ಸಲ ಡುಮ್ಕಿ ಹೊಡೆದವನು. ತಾನು ಉಂಡದ್ದನ್ನು ಲೋಕವೂ ಉಣ್ಣಲಿ ಎಂಬ ಉದಾರಿ.

"ಅರೇ ಬಸು, ಅಕ್ಕನಿಗೆ ಈಜು ಕಲಿಸ್ತಾ ಇದ್ದೀಯಾ, ಮುಳುಗಿಸ್ತಾ ಇದ್ದೀಯಾ?" ಲೈಬಾ ನಕ್ಕಳು. "ಜಾವಾಸ್ಕ್ರಿಪ್ಟ್ ಕಲೀರಿ ಅಕ್ಕ. ಬ್ರೌಸರ್ ಇದ್ರೆ ಸಾಕು. ಬರೆದಿದ್ದು ಆಗಲೇ ಕಣ್ಣೆದುರು ಕಾಣ್ತದೆ, ಖುಷಿ ಆಗ್ತದೆ."

"ಹೌದ್ರಿ, ಅದರಾಗ ಒಂದಕ್ಕ ಒಂದು ಕೂಡ್ಸಿದ್ರ ಹನ್ನೊಂದು ಕಾಣ್ತದ. ಅದೂ ಖುಷೀನ."

"ಬರೆಯೋಕೆ ಬರದೇ ಇರೋರಿಗೆ ಕಾಣ್ತದೆ ಗುರು!"

ಸುಕನ್ಯ ಮೆಲ್ಲಗೆ, "ಆ ಕ್ಲಾಸಲ್ಲಿ ಪೈಥಾನ್..." ಎಂದಳು.

ತಜ್ಞರಿಬ್ಬರೂ ಅವಳ ಕಡೆ ಮರುಕದಿಂದ ತಿರುಗಿದರು.

"ಪೈಥಾನ್ ತುಂಬಾ ಸುಲಭ ಅಕ್ಕ," ಎಂದಳು ಲೈಬಾ.

"ಅದೇ ಅದರ ದೋಷ ರಿ," ಎಂದ ಶರಣಬಸವ. ಆ ಸಂಜೆ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ಮುನೀಂದ್ರನಿಗೆ ಈಗ ಎಲ್ಲವೂ ತಿಳಿಯಾಯಿತು. "ಕರೆಕ್ಟು. ನಾವು ಹುಡುಕ್ತಿರೋದು ಸುಲಭದ್ದೇ, ಆದ್ರೆ ಇಷ್ಟೊಂದು ಸುಲಭ ಇದ್ರೆ ಡೌಟು ಬರಲ್ವಾ? ಕಡಿಮೆ ರೇಟಿಗೆ ಸೈಟು ಅಂದ್ರೆ ಕಾಗದದಲ್ಲಿ ಏನೋ ಐಬು ಇದ್ದೇ ಇರುತ್ತೆ. ಆಮೇಲೆ ಇದಕ್ಕೆಲ್ಲ ರೀಸೇಲ್ ವ್ಯಾಲ್ಯೂ ಹೆಂಗೆ?"

ರೀಸೇಲಿನ ಮೇಲೆ ಚರ್ಚೆ ಮತ್ತೆ ಹೊತ್ತಿಕೊಂಡಿತು. ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಸುಕನ್ಯಳ ಅತ್ತೆ ದೊಡ್ಡಮುನಿಯಮ್ಮ ಕೇಳುವಷ್ಟು ಕೇಳಿ ಬೇಸತ್ತಳು.

"ಲೋ ಮುನೀಂದ್ರ, ಬೋರು ಕೊರೆಸೋವಾಗ್ಲೂ ನೀನು ಇಂಗೇ ಊರೆಲ್ಲ ಕೇಳ್ಕಂಡು ತಿರುಗ್ದೆ. ಕೊನೇಗೆ ಊರಮ್ಮ ಹೂವ ಕೊಟ್ಟಮ್ಯಾಗೆ ತಾನೆ ನೀರು ಬಂದಿದ್ದು? ನಾಳೆ ಗುಡೀಗೋಗಿ ಅವಳನ್ನೇ ಕೇಳಾನ. ಅವಳು ಏನಂತಾಳೋ ಅದೇ. ಆಮ್ಯಾಕೆ ಯಾರೂ ಉಸಿರೆತ್ತಂಗಿಲ್ಲ."

ನೀರು ಬಂದದ್ದು ಮೂರನೇ ಬೋರಿಗೆ. ಬತ್ತಿಹೋದ ಮೊದಲೆರಡಕ್ಕೂ ಊರಮ್ಮ ಹೂವು ಕೊಟ್ಟಿದ್ದಳೆಂಬುದನ್ನು ಯಾರೂ ಎತ್ತಲಿಲ್ಲ. ವಿಜ್ಞಾನದವರಿಬ್ಬರೂ ನಾವೂ ಬರುತ್ತೇವೆಂದರು.

ಭಾನುವಾರ ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೂವು ಕೇಳುವ ಕ್ರಮ ಸರಳ. ಅಭಿಷೇಕವಾಗಿ ಇನ್ನೂ ಒದ್ದೆಯಾಗಿರುವ ಅಮ್ಮನ ಎರಡು ಭುಜಕ್ಕೂ ಪೂಜಾರಿ ಒಂದೊಂದು ಹೂವು ಅಂಟಿಸುತ್ತಾನೆ. ಭಕ್ತರು ಮನಸ್ಸಿನಲ್ಲೇ ಪ್ರಶ್ನೆ ಕೇಳಬೇಕು. ಅಮ್ಮನ ಬಲಗಡೆಯದು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಇಲ್ಲ.

"ಮೊದಲು ಸಿ ಕೇಳು," ಮುನೀಂದ್ರ ಹೆಂಡತಿಯ ಕಿವಿಯಲ್ಲಿ ಉಸುರಿದ. "ಇಲ್ಲ ಅಂದ್ರೆ ಜಾವಾಸ್ಕ್ರಿಪ್ಟು. ಕೊನೇಗೆ ಬೇಕಾದ್ರೆ ನಿನ್ನ ಪೈಥಾನು."

ಪೂಜಾರಿ ಸಂಜೀವಪ್ಪನ ಕಿವಿ ಚುರುಕು. "ಒಂದು ಮನೆಗೆ ಒಂದೇ ಪ್ರಶ್ನೆ ಸಾರ್. ರಶ್ ನೋಡಿ. ಎರಡನೇದಕ್ಕೆ ಮುಂದಿನ ಭಾನುವಾರ ಬನ್ನಿ."

"ಹಂಗಾದ್ರೆ ವಾರಕ್ಕೊಂದು ಕೇಳೋಣ," ಎಂದ ಮುನೀಂದ್ರ. ಅವನ ಮುಖದಲ್ಲಿ ದುಃಖದ ಗೆರೆಯೂ ಇರಲಿಲ್ಲ.

ಸುಕನ್ಯ ಅಮ್ಮನನ್ನು ನೋಡಿದಳು. ಭಕ್ತಿಯಿಂದ ನೋಡಿದಳು, ಆಮೇಲೆ ಗಮನವಿಟ್ಟು ನೋಡಿದಳು. ಬಲಭುಜದ ಹೂವನ್ನು ಸಂಜೀವಪ್ಪ ಗಂಧದ ಮೇಲೆ ಒತ್ತಿ ಕೂರಿಸಿದ್ದ. ಅದು ದೀಪಾವಳಿಯವರೆಗೆ ಅಲುಗುವಂತೆ ಕಾಣಲಿಲ್ಲ. ಎಡಭುಜದ್ದು ಎಣ್ಣೆಜಿಡ್ಡಿನ ಮೇಲೆ ತುದಿಯಷ್ಟೇ ತಾಗಿಸಿಕೊಂಡು ಆಗಲೇ ಜಾರುತ್ತಿತ್ತು. ಏನು ಕೇಳಿದರೂ ಉತ್ತರ ಇಲ್ಲ ಎಂದೇ. ಸಿ ಕಲಿಯಲಾ? ಇಲ್ಲ. ನಾಳೆ ಕ್ಲಾಸಿಗೆ ಸೇರಲಾ? ಅದಕ್ಕೂ ಇಲ್ಲ. ಅಲ್ಲಿಗೆ ಕೆಲಸವೂ ಹೋಯಿತು, ಮುನೀಂದ್ರನಿಗೆ ಮಾತ್ರ ಇನ್ನೊಂದು ವರ್ಷಕ್ಕಾಗುವಷ್ಟು ವಿಚಾರಣೆ.

ಸುಕನ್ಯ ಕೈಮುಗಿದು ಕಣ್ಣು ಮುಚ್ಚಿದಳು. ತೆರೆಯುವಷ್ಟರಲ್ಲಿ ಎಡಗಡೆಯ ಹೂವು ಪೀಠದ ಮೇಲೆ ಬಿದ್ದಿತ್ತು.

"ಸಿ ಬ್ಯಾಡ ಅಂದ್ಬಿಟ್ಲು," ಶರಣಬಸವನ ಮುಖ ಸಪ್ಪಗಾಯಿತು. "ದೇವ್ರು ಅಪ್‌ಡೇಟೆಡ್ ಇದ್ದಾರೆ ಬಸು," ಎಂದಳು ಲೈಬಾ.

"ಏನಂತ ಕೇಳ್ದೆ ಅಮ್ಮಿ?" ದೊಡ್ಡಮುನಿಯಮ್ಮ ಸೊಸೆಯನ್ನು ಕೇಳಿದಳು.

"'ತಾಯಿ, ನಾಳೆ ಆ ಪೈಥಾನ್ ಕ್ಲಾಸಿಗೆ ಸೇರದೆ ಮನೇಲೇ ಇದ್ಬಿಡ್ಲಾ' ಅಂತ ಕೇಳ್ದೆ ಅತ್ತೆ."

"ಇದ್ಯಾವ ಸೀಮೆ ಪ್ರಶ್ನೆ!" ಮುನೀಂದ್ರ ಹೌಹಾರಿದ. "ಲ್ಯಾಂಗ್ವೇಜ್ ಕೇಳು ಅಂದ್ರೆ..."

ದೊಡ್ಡಮುನಿಯಮ್ಮ ಮಗನನ್ನು ನೋಡಿದಳು, ಬಿದ್ದ ಹೂವನ್ನು ನೋಡಿದಳು. ಇಬ್ಬರಲ್ಲಿ ಒಬ್ಬರ ಮಾತು ನಡೆಸಬೇಕಿತ್ತು.

"ಸುಮ್ಕಿರ್ಲಾ. ಮನೇಲಿರಬ್ಯಾಡ ಅಂದೌಳೆ ಅಮ್ಮ. ಉಸಿರೆತ್ತಂಗಿಲ್ಲ ಅಂದಿದ್ನಲ್ಲ? ನಾಳೆ ನೀನೇ ಗಾಡೀಲಿ ಬಿಟ್ಬುಟ್ಟು ಬಾ."

ಮುನೀಂದ್ರ ಪೂಜಾರಿಯ ಹತ್ತಿರ ಬಗ್ಗಿ ದನಿ ತಗ್ಗಿಸಿದ. "ಸ್ವಾಮಿ, ಅದು ಹಂಗೇ ಜಾರಿದ್ದು ಕಣ್ರೀ. ಇನ್ನೊಂದ್ಸಲ ಇಟ್ಟು ನೋಡಕ್ಕಾಗಲ್ವಾ?"

"ಹಿಂದೆ ಜನ ನಿಂತವ್ರೆ ಸಾರ್, ಸ್ವಲ್ಪ ಜರುಗಿ," ಎಂದ ಸಂಜೀವಪ್ಪ, ಮುಂದಿನ ಮನೆಯವರ ಹೂವಿಗೆ ಗಂಧ ಹಚ್ಚುತ್ತ.

ಸುಕನ್ಯ ಅಷ್ಟರಲ್ಲಿ ಹೊರಗೆ ಬಂದಿದ್ದಳು. ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕಾಲಿನಲ್ಲೇ ಹುಡುಕುತ್ತ, ಇಂದಿರಾನಗರದವರಿಗೆ ಫೋನಿನಲ್ಲಿ ತನ್ನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದಳು.