ಹುಳುಮನೆಯ ಹೊಸಿಲು

ವೆಂಕಟರತ್ನಮ್ಮ ತನ್ನ ಅಕ್ಕನ ತಲೆಯಿಂದ ಮೂರನೆಯ ರಬ್ಬರ್ ಬ್ಯಾಂಡ್ ಎಳೆದು ತೆಗೆದಳು. ಎಪ್ಪತ್ತೆರಡು ವರ್ಷದ ಅಶ್ವತ್ಥಮ್ಮನ ನರೆಗೂದಲಿನಲ್ಲಿ ಕಿರುಬೆರಳಿನಷ್ಟು ಸಣ್ಣ ಜಡೆಗಳು ಇನ್ನೂ ಎರಡು ಉಳಿದಿದ್ದವು. ಹೆಣದ ಸ್ನಾನಕ್ಕೆಂದು ಸೀರೆಯ ಮರೆ ಹಿಡಿದಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು.

"ಇದೇನ್ ಚಿಕ್ಕಮ್ಮಾ ಇದು? ನಮ್ಮಮ್ಮನ ತಲೇನ ಬೊಂಬೆ ತಲೆ ಮಾಡಿಟ್ಟವ್ರಲ್ಲ!" ಎಂದಳು ಮಗಳು ಯಾಮಿನಿ. ಚಿಂತಾಮಣಿಯಲ್ಲಿ ಹೈಸ್ಕೂಲ್ ಟೀಚರ್ ಆಗಿರುವ ಅವಳು ಬೆಳಿಗ್ಗೆಯಷ್ಟೇ ಬಂದಿಳಿದಿದ್ದಳು.

ಸೊಸೆ ಶಿರೀಷಾ ಬಿಸಿನೀರಿನ ಬಿಂದಿಗೆ ಇಳಿಸಿದಳು. "ಮೌನಿಕಾ ಹಾಕಿದ್ದು ಅಕ್ಕ. ನಿನ್ನೆ ಮಧ್ಯಾಹ್ನ ಅಜ್ಜಿ ಕೂತಲ್ಲೇ ನಿದ್ದೆ ಮಾಡ್ತಾವ್ರೆ ಅಂದ್ಕೊಂಡು ಜಡೆ ಹಾಕ್ತಾನೇ ಇದ್ಲು ಮಗು."

"ಆವಾಗ ನೀನೆಲ್ಲಿದ್ದೆ?"

ಬೆಳಗಿನಿಂದ ಆ ಪ್ರಶ್ನೆ ಬಂದದ್ದು ಅದು ಏಳನೆಯ ಸಲ. ಮಗ ಎಲ್ಲಿದ್ದ ಎಂದು ಒಬ್ಬರೂ ಕೇಳಿರಲಿಲ್ಲ, ಅವನು ಕೆಲಸಕ್ಕೆ ಹೋಗಿರುತ್ತಾನಲ್ಲ. ಮಗಳು ಈ ವರ್ಷ ಎಷ್ಟು ಸಲ ಬಂದಿದ್ದಳು ಎಂದೂ ಕೇಳಿರಲಿಲ್ಲ. ಮೂರು ಹೊತ್ತೂ ಮನೆಯಲ್ಲೇ ಇರುವವಳನ್ನು ಎಲ್ಲಿದ್ದೆ ಎಂದು ಕೇಳುವುದೆಂದರೆ ಎಲ್ಲರಿಗೂ ಎಷ್ಟು ಸಲೀಸು! ಶಿರೀಷಾ ಅತ್ತೆಯ ಮಂಡಿಗೆ ನೀರು ಹಾಕಿದಳು. ಬದುಕಿದ್ದಾಗಲೇ ನೆಟ್ಟಗಾಗದಿದ್ದ ಮಂಡಿ ಅದು. ನಲವತ್ತು ವರ್ಷ ಕುಕ್ಕರುಗಾಲಲ್ಲಿ ಕೂತು ಹಿಪ್ಪುನೇರಳೆ ಸೊಪ್ಪು ಕೊಚ್ಚಿ ರೇಷ್ಮೆಹುಳುಗಳಿಗೆ ಹಾಕಿದ್ದಕ್ಕೆ ಸಿಕ್ಕ ಬಹುಮಾನ.

ಹೊರಗೆ ಶಾಮಿಯಾನದಡಿ ಮಗ ಮೋಹನ್‌ಬಾಬು ಮಂಡಿಕಲ್ ಕಡೆಯಿಂದ ಬಂದ ನೆಂಟರಿಗೆ ವಿವರಿಸುತ್ತಿದ್ದ. "ನಮ್ ಮಕ್ಕಳು ಸ್ಕೂಲಿಗೆ ಹೋಗಲ್ಲ ಅಲ್ವಾ, ಅದಕ್ಕೇ ಅಜ್ಜಿ ಜೊತೆ ಅಷ್ಟು ಅಟ್ಯಾಚ್‌ಮೆಂಟು. ಇದನ್ನ ಯಾವ ಸ್ಕೂಲ್ ಕಲಿಸುತ್ತೆ ಹೇಳಿ?"

ಅಮ್ಮ ಇನ್ನೂ ಮಣ್ಣು ಸೇರಿರಲಿಲ್ಲ, ಆಗಲೇ ಭಾಷಣ.

*

ಮಕ್ಕಳಿಗೆ ಮನೆಯಲ್ಲೇ ಪಾಠ ಎಂದು ತೀರ್ಮಾನಿಸಿದವನು ಮೋಹನ್‌ಬಾಬು. ಚಿಕ್ಕಬಳ್ಳಾಪುರದ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತ. ಎಲ್ಲೋ ಎರಡು ದಿನದ ಶಿಬಿರಕ್ಕೆ ಹೋಗಿ ಬಂದವನೇ ಒಂದು ಯೂಟ್ಯೂಬ್ ಚಾನೆಲ್ ತೆರೆದ. ಮಾತಾಡುವ ಕೆಲಸ ಅವನದು, ಮಿಕ್ಕಿದ್ದೆಲ್ಲ ಶಿರೀಷಾಳದು. ಐದಕ್ಕೆ ಎದ್ದು ಹಾಲು ಕರೆದು ಡೇರಿಗೆ ಹಾಕಿ, ಗಂಡನಿಗೆ ಡಬ್ಬಿ ಕಟ್ಟಿ, ಎಂಟು ವರ್ಷದ ಮೌನಿಕಾಗೆ ಮಗ್ಗಿ, ನಾಲ್ಕು ವರ್ಷದ ಅಮೃತಾಗೆ ಅಕ್ಷರ, ನಡುನಡುವೆ ಮುದ್ದೆ, ಸಾರು, ಬಟ್ಟೆ. ಅದರ ಮೇಲೆ ಇರುವೆಗೆ ಮೂಗಿದೆಯಾ, ನೀರಿಗೆ ಬಣ್ಣ ಯಾಕಿಲ್ಲ ಎಂಬ ಪ್ರಶ್ನೆಗಳು, ಕಣ್ಣು ಬಿಟ್ಟಾಗಿನಿಂದ ಮುಚ್ಚುವವರೆಗೆ. ಭಾನುವಾರ ಮೊಬೈಲಿನ ಮುಂದೆ ಕೂತು "ನಾವು ಕಲಿಸಬೇಕಾಗಿಲ್ಲ, ಮಕ್ಕಳು ತಾವಾಗಿಯೇ ಕಲಿಯುತ್ತಾರೆ" ಎನ್ನುತ್ತಿದ್ದ ಮೋಹನ್‌ಬಾಬು, ನಡುವೆ ನಿಲ್ಲಿಸಿ ಒಳಗೆ ಕೂಗುತ್ತಿದ್ದ: "ಪಾತ್ರೆ ಸದ್ದು ಬರ್ತಿದೆ ಕಣೇ, ಆಮೇಲೆ ತೊಳ್ಕೊ!"

ಎರಡು ವರ್ಷದ ಹಿಂದೆ ಒಂದು ದಿನ ಮುದ್ದೆ ತೊಳಸುತ್ತಾ ಏಳರ ಮಗ್ಗಿ ಹೇಳಿಕೊಡುತ್ತಿದ್ದ ಶಿರೀಷಾ ಅರ್ಧದಲ್ಲೇ, ನಿಂತಲ್ಲೇ ನಿದ್ದೆ ಹೋದಳು. ಮುಂಗೈ ಬಿಸಿ ಪಾತ್ರೆಗೆ ತಗುಲಿ ಬೊಬ್ಬೆ ಬಂತು. ಅಶ್ವತ್ಥಮ್ಮ ಗಾಯಕ್ಕೆ ತಣ್ಣೀರು ಹಾಕಿ, ಸೊಸೆಯ ಇನ್ನೊಂದು ಕೈ ಹಿಡಿದು ಹಿತ್ತಲಿನ ಹುಳುಮನೆಗೆ ಕರೆದುಕೊಂಡು ಹೋದಳು. ಮಂಡಿ ಸೋತ ಮೇಲೆ ಹುಳು ಸಾಕುವುದು ನಿಂತು, ಅಲ್ಲಿ ಖಾಲಿ ತಟ್ಟೆಗಳು ಮಾತ್ರ ಉಳಿದಿದ್ದವು. ನೆಲ ಗುಡಿಸಿ ಚಾಪೆ ಹಾಸಿದಳು.

"ಹುಳ ನಾಕ್ ಸಲ ಜ್ವರಕ್ಕೆ ಕೂತ್ಕೊಂತದೆ ಕಣಮ್ಮ. ಪೊರೆ ಬಿಡೋಕೆ ಮುಂಚೆ ಅಲ್ಲಾಡ್ದೆ ಮಲಗ್ತದಲ್ಲ, ಅದು. ಆವಾಗ ಸೊಪ್ಪು ಹಾಕಲ್ಲ, ಮುಟ್ಟಲ್ಲ, ಹೊರಗಿನೋರ್ನ ಒಳಕ್ಕೆ ಬಿಡಲ್ಲ. ಹುಳಕ್ಕೆ ಕೊಡೋ ಮರ್ಯಾದೆ ನಿಂಗ್ಯಾಕಿಲ್ಲ? ಮಲಕ್ಕೋ. ನಾನು ಹೊರಗೆ ಕೂತಿರ್ತೀನಿ."

"ಮಕ್ಕಳು ಅತ್ತೆ..."

"ನನ್ ತಲೆ ಬಾಚ್ತಾ ಕೂತಿರ್ಲಿ ಬಿಡು."

ಅಂದಿನಿಂದ ದಿನಾ ಮಧ್ಯಾಹ್ನ ಒಂದರಿಂದ ಮೂರರವರೆಗೆ ಮುದುಕಿ ಆ ಹೊಸಿಲ ಮೇಲೆ ಕೂತಳು. ಯಾರಾದರೂ ಸೊಸೆಯನ್ನು ಹುಡುಕಿಕೊಂಡು ಬಂದರೆ "ಒಳಗೆ ಹುಳ ಜ್ವರಕ್ಕೆ ಕೂತಿದಾವೆ, ಆಮೇಲೆ ಬಾ" ಎಂದು ಅಟ್ಟಿಬಿಡುತ್ತಿದ್ದಳು. ಒಳಗೆ ಒಂದು ಹುಳುವೂ ಇಲ್ಲವೆಂದು ಊರಿಗೆಲ್ಲ ಗೊತ್ತಿತ್ತು. ಆದರೆ ಹುಳುಮನೆಯೊಳಗೆ ಕೇಳದೆ ಕಾಲಿಡಬಾರದೆಂಬುದು ರಕ್ತದಲ್ಲಿ ಇಳಿದ ಊರು ಅದು, ಯಾರೂ ಎದುರು ಮಾತಾಡಲಿಲ್ಲ. ಮೂರು ಗಂಟೆಗೆ ಎದ್ದು ಬರುವ ಶಿರೀಷಾಳ ಮುಖ ನೋಡಿ ಅಶ್ವತ್ಥಮ್ಮ "ಈಗ ಮನುಷ್ಯಳಾದೆ" ಎನ್ನುತ್ತಿದ್ದಳು.

ನಿನ್ನೆ ಮೂರಕ್ಕೆ ಅವಳು ಬಾಗಿಲು ತೆರೆದಾಗ ಅತ್ತೆ ಚೌಕಟ್ಟಿಗೆ ಒರಗಿ ಕೂತಿದ್ದಳು. ಮೌನಿಕಾ ಬಾಯಿ ಮೇಲೆ ಬೆರಳಿಟ್ಟು "ಶ್!" ಎಂದಳು.

*

ಹೆಣದ ಬಾಯಿಗೆ ಅಕ್ಕಿ ಹಾಕುವ ಹೊತ್ತಿಗೆ ಯಾಮಿನಿ ತಡೆಯಲಾರದೆ ಕೂಗಿಕೊಂಡಳು. "ಬಾಯಿಗೆ ಒಂದು ತೊಟ್ಟು ನೀರು ಬಿಡೋರಿಲ್ದೆ ಅನಾಥೆ ಥರ ಹೋದ್ಲಲ್ಲಪ್ಪಾ ನಮ್ಮಮ್ಮ! ಮನೇಲೇ ಬಿದ್ದಿರೋರು ಏನ್ ಮಾಡ್ತಿದ್ರು?"

"ಅಕ್ಕ, ಸುಮ್ನಿರು" ಎಂದು ಮೋಹನ್‌ಬಾಬು ಅಡ್ಡ ಬಂದ. "ಶಿರೀಷಾ ಒಳಗೆ ಪಾಠದ ತಯಾರಿ ಮಾಡ್ತಿದ್ಲು. ಅದೂ ಮಕ್ಕಳಿಗೋಸ್ಕರಾನೇ ತಾನೆ?" ಆಮೇಲೆ ಹಿರಿಯರಾದ ನರಸಿಂಹಪ್ಪನವರ ಕಡೆ ತಿರುಗಿದ. "ದೊಡ್ಡಪ್ಪ, ಆ ಹುಳುಮನೇನ ಅಮ್ಮನ ಹೆಸರಲ್ಲಿ ಕಲಿಕಾ ಕೇಂದ್ರ ಮಾಡಣ ಅಂತಿದೀನಿ. ಸುತ್ತಮುತ್ತಲ ಊರಿಂದ ಒಂದು ಹದಿನೈದು ಮಕ್ಕಳು. ಅಮ್ಮನ ಫೋಟೋ ಬಾಗಿಲ ಮೇಲೆ. ಶಿರೀಷಾ ನೋಡ್ಕೊಳ್ತಾಳೆ."

"ಒಳ್ಳೆ ಯೋಚನೆ ಕಣಪ್ಪ" ಎಂದರು ನರಸಿಂಹಪ್ಪ.

ಯಾಮಿನಿ ಕಣ್ಣೊರೆಸಿಕೊಂಡಳು. "ರಜದಲ್ಲಿ ನಮ್ಮ ಹುಡುಗನ್ನೂ ಕಳಿಸ್ತೀನಿ. ಹೆಂಗೂ ಇವಳು ಮನೇಲೇ ಇರ್ತಾಳಲ್ಲ."

ಶಿರೀಷಾಳ ಕೈಯಲ್ಲಿ ಅಕ್ಕಿ ಇತ್ತು. ಅವಳು ಅದನ್ನು ಅತ್ತೆಯ ಬಾಯಿಗೆ ಹಾಕಿ, ಎದ್ದು ನಿಂತಳು.

"ನಾನು ಪಾಠ ಮಾಡ್ತಿರ್ಲಿಲ್ಲ. ಮಲಗಿದ್ದೆ."

"ಶಿರೀಷಾ!" ಎಂದ ಮೋಹನ್‌ಬಾಬು.

"ಮಲಗಿದ್ದೆ ಕಣ್ರೀ. ಎರಡು ವರ್ಷದಿಂದ ದಿನಾ ಮಲಗ್ತಿದ್ದೆ. ನಿಮಗೆ ಗೊತ್ತೇ ಇಲ್ಲ ಅಂದ್ರೆ ಅದು ನನ್ ತಪ್ಪಾ?"

"ನಮ್ಮಮ್ಮ ಸಾಯ್ತಾ ಇದ್ರೆ ನಿದ್ದೆ ಹೊಡೀತಿದ್ಯಾ?" ಯಾಮಿನಿಯ ದನಿ ಒಡೆಯಿತು.

"ಹೌದಕ್ಕ. ಒಂದು ಸಲ ಬಾಗ್ಲು ತಟ್ಟಿದ್ರೆ ಓಡಿ ಬರ್ತಿದ್ದೆ, ಅವರು ತಟ್ಟಲಿಲ್ಲ. ಅದು ನನ್ನ ಜೀವ ಇರೋತನಕ ನನ್ನ ಸುಡುತ್ತೆ, ನೀವೇನೂ ಹೇಳ್ಬೇಕಾಗಿಲ್ಲ. ಆದ್ರೆ ನೀವು ನಾಕು ಗಂಟೆಗೆ ಸ್ಕೂಲಿಂದ ಬಂದ್ರೆ ಸುಸ್ತಾಯ್ತಾ ಅಂತ ಮನೆಯೋರೆಲ್ಲ ಕೇಳ್ತಾರೆ. ಈ ಮನೇಲಿ ನನ್ನನ್ನ ಕೇಳಿದ್ದು ಇವರೊಬ್ಬರೇ." ಅವಳು ಹೆಣದ ಕಡೆ ಕೈ ತೋರಿಸಿದಳು. "ಇವರಿದ್ದ ಜಾಗದಲ್ಲಿ ನನ್ನ ಮೇಲೆ ಇನ್ನೂ ಹದಿನೈದು ಮಕ್ಕಳನ್ನ ಹೇರ್ತೀರಾ? ಹುಳುಮನೆ ಕೊಡಲ್ಲ ನಾನು."

ಗುಂಪು ಗುಜುಗುಜು ಎಂದಿತು. ಹೆಣದ ಮುಂದೆ ಎಂಥಾ ಮಾತು ಎಂದರು ಯಾರೋ. ವೆಂಕಟರತ್ನಮ್ಮ ಕೈ ಎತ್ತಿದಳು.

"ಚಾಲಮ್ಮಾ, ಚಾಲು, ಸಾಕು ನಿಲ್ಸಿ. ಯಾಮಿನಿ, ನೀನು ಹುಟ್ಟಿ ಹದಿನೈದ್ ದಿನಕ್ಕೇ ಹುಳ ಹಣ್ಣಾದ್ವು, ಗೂಡು ಕಟ್ಟೋ ಹೊತ್ತು. ಮೂರ್ ದಿನ ಮೂರ್ ರಾತ್ರಿ ನಮ್ಮಕ್ಕ ಅವನ್ನ ಆರಿಸಿ ಆರಿಸಿ ಗೂಡಿಗೆ ಬಿಟ್ಲು, ಹಸೀ ಬಾಣಂತಿ. ನೀನು ಸೊಪ್ಪಿನ ಗುಡ್ಡೆ ಮೇಲೆ ಅಳ್ತಾ ಬಿದ್ದಿದ್ದೆ. ಮಲಕ್ಕೋ ಅನ್ನೋರು ಒಬ್ರೂ ಇರ್ಲಿಲ್ಲ ಕಣೇ ಅಂತ ಮೊನ್ನೆ ಫೋನ್‌ನಲ್ಲೂ ಅಂದ್ಲು. ಐವತ್ತು ವರ್ಷ ಆಗ್ತಾ ಬಂತು, ಮರೆತಿರ್ಲಿಲ್ಲ ಅವಳು."

ಯಾಮಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ನರಸಿಂಹಪ್ಪ ಗಂಟಲು ಸರಿಮಾಡಿಕೊಂಡು, ಬಿಸಿಲೇರುತ್ತಿದೆ, ಎತ್ತಿ ಎಂದರು.

*

ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಮಣ್ಣು ಮಾಡಿ ಗಂಡಸರು ಹಿಂತಿರುಗಿದಾಗ ಒಂದು ಗಂಟೆ. ಪ್ರಾಣ ಹೋದ ಜಾಗದಲ್ಲಿ, ಹುಳುಮನೆಯ ಹೊಸಿಲ ಪಕ್ಕ, ವೆಂಕಟರತ್ನಮ್ಮ ಹಣತೆ ಹಚ್ಚಿಟ್ಟಿದ್ದಳು. ಎಲ್ಲರೂ ದೀಪ ನೋಡಿ ಕೈ ಮುಗಿದರು.

"ಹನ್ನೊಂದು ದಿನ ಇದು ಆರಬಾರದು" ಎಂದರು ನರಸಿಂಹಪ್ಪ. "ಕರ್ಮ ಹಿಡಿದೋನು ನೀನು, ಮೋಹನ. ಮನೆ ಬಿಟ್ಟು ಎಲ್ಲೂ ಹೋಗಂಗಿಲ್ಲ. ಕೂತ್ಕೊ ಇಲ್ಲೇ, ಗಾಳಿ ಬೇರೆ."

ಮೋಹನ್‌ಬಾಬು ಒದ್ದೆ ತಲೆಯಲ್ಲೇ ಹೊಸಿಲ ಮೇಲೆ ಕೂತ. ಶಿರೀಷಾ ಬಂದಳು. ಅವನನ್ನು ನೋಡಲಿಲ್ಲ. ದೀಪಕ್ಕೆ ಸೆರಗು ತಾಗದಂತೆ ಎತ್ತಿ ಹಿಡಿದು ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಕೇಳಿತು.

ಐದು ನಿಮಿಷಕ್ಕೆ ಮಕ್ಕಳಿಬ್ಬರೂ ಓಡಿ ಬಂದರು. "ಅಪ್ಪ, ಮಣ್ಣೊಳಗೆ ಅಜ್ಜಿಗೆ ಸೆಕೆ ಆಗಲ್ವಾ?" ಎಂದು ಕೇಳಿದಳು ಮೌನಿಕಾ. "ಅಪ್ಪ, ಸೂಸು" ಎಂದಳು ಅಮೃತಾ, ಅವನ ತೊಡೆಯ ಮೇಲೆ ಹತ್ತಿ ಕೂರುತ್ತಾ.

"ಅಮ್ಮನ್ನ ಕೂಗು ಪುಟ್ಟಿ."

"ಕೂಗಬಾರದು" ಎಂದಳು ಮೌನಿಕಾ.

ಅವನು ಬಾಗಿಲು ತಟ್ಟಲು ಕೈ ಎತ್ತಿದ. ಅಷ್ಟರಲ್ಲಿ ತೋಟದ ಕಡೆಯಿಂದ ಗಾಳಿ ಬೀಸಿ ದೀಪ ನೆಲಕ್ಕೆ ಬಾಗಿತು. ಗಾಬರಿಯಾಗಿ ಎರಡೂ ಅಂಗೈ ತಂದು ಕುಡಿಗೆ ಅಡ್ಡ ಹಿಡಿದ. ತೊಡೆಯ ಮೇಲೆ ಬೆಚ್ಚಗೆ ಹರಿದು ಪಂಚೆ ಒದ್ದೆಯಾಯಿತು. ಅವನು ಕೈ ತೆಗೆಯಲಿಲ್ಲ.