ಅವ್ವನ ಯಾವ ಕೈ

ಕೆಂಪು ಉಗುರು, ಬಸ್ಸಿನ ಕಂಬಿ ಹಿಡಿದ ಐದು ಕೆಂಪು ಉಗುರು, ನನ್ನ ಮೂಗಿನ ಮುಂದೆಯೇ, ಕಾಲೇಜು ಹುಡುಗಿಯದಿರಬೇಕು, ಪಾಪ ಅವಳು ನನಗೇನು ಮಾಡಿದಳು, ಆದರೂ ಕೆಂಪು ಉಗುರು ಕಂಡರೆ ನನಗೆ ಮೈ ಉರಿಯುತ್ತದೆ, ಇವತ್ತು ನಿನ್ನೆಯದಲ್ಲ, ಆ ಸಿನಿಮಾ ಬಂದಾಗಿನಿಂದ — ಕೋಲಾರ ಬಿಟ್ಟ ಬಸ್ಸು ಟೊಮೆಟೊ ಲಾರಿಯ ಹಿಂದೆ ಸಿಕ್ಕಿಕೊಂಡು ತೆವಳುತ್ತಿದೆ, ಎಲ್ಲಿಗಮ್ಮಾ ಅಂದ ಕಂಡಕ್ಟರ್, ದೇವರಾಯಸಮುದ್ರ ಗೇಟು ಅಂದೆ, ಆಧಾರ್ ತೋರ್ಸಿ ಅಂದ, ತೋರಿಸಿದೆ, ಅದರಲ್ಲಿರುವ ಪ್ರೇತಕಳೆಯ ಮುಖ ನನ್ನದೇ ಅಂತ ಒಪ್ಪಿಕೊಂಡು ಫ್ರೀ ಟಿಕೆಟ್ ಹರಿದುಕೊಟ್ಟ, ಫೋಟೋ ಅಂದರೆ ಇಷ್ಟೇ, ಎಂಥ ಕೆಟ್ಟದ್ದಾದರೂ ಒಂದಿದ್ದರೆ ಸಾಕು, ಇವಳೇ ಸುನಂದ ಅಂತ ಯಾರಾದರೂ ಹೇಳಬಹುದು, ಅವ್ವನದು ಅಂಥದ್ದೂ ಒಂದಿಲ್ಲ. ಅದಕ್ಕೇ ಆ ಹುಡುಗನ ಪ್ರಶ್ನೆ ನನ್ನನ್ನು ಇಷ್ಟು ಕಾಡುತ್ತಿರುವುದು. ರಹೀಲ್ ಅಂತ, ಮುಳಬಾಗಿಲಿನವನು, ಮದುವೆ ವಿಡಿಯೋ ತೆಗೆಯುವವನು, ನಾನು ಬರೆದ ಒಂದೇ ಒಂದು ಕಾದಂಬರಿ ಮೂರನೇ ತೂಬು, ಅದನ್ನು ಓದಿ ಫೋನ್ ಮಾಡಿದ್ದ, ಇದನ್ನ ಮತ್ತೆ ಸಿನಿಮಾ ಮಾಡ್ಬೇಕು ಮೇಡಂ, ಹಳೇದು ಚೆನ್ನಾಗಿಲ್ಲ ಅಂದ, ಅದನ್ನು ನೀನು ಹೇಳಬೇಕಾ ಅಂದುಕೊಂಡು, ಕೊಡಲ್ಲಪ್ಪ ಅನ್ನಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಕೇಳಿಬಿಟ್ಟ, ಅವ್ವ ತೂಬೊಳಗೆ ಇಟ್ಟಿದ್ದು ಯಾವ ಕೈ ಮೇಡಂ, ಬಲಗೈನಾ ಎಡಗೈನಾ, ಬುಕ್ಕಲ್ಲಿ ಬರೀ ಕೈ ಅಂತ ಇದೆ — ಗೇಟಿನ ಹತ್ರ ಬಾರಪ್ಪ, ತೂಬಿನ ಮೇಲೇ ತೋರಿಸ್ತೀನಿ ಅಂದುಬಿಟ್ಟೆ.

ಬಲಗೈಯೇ ಇರಬೇಕು, ಬೇರೆ ಯಾವುದಿರುತ್ತದೆ, ಅವ್ವ ಉಣ್ಣುತ್ತಿದ್ದುದು ಬಲಗೈ, ನನ್ನ ಬೆನ್ನಿಗೆ ಗುದ್ದುತ್ತಿದ್ದುದೂ ಬಲಗೈ, ಆದರೆ ನೀರಿಗೆ? ನನ್ನ ಅವ್ವ ಬೈರಮ್ಮ ದೇವರಾಯಸಮುದ್ರದ ಕೆರೆಗೆ ನೀರುಗಂಟಿ, ಯಾರ ಗದ್ದೆಗೆ ಎಷ್ಟು ನೀರು ಅಂತ ಬಿಡುವವಳು, ತಾತ ಸತ್ತ ಮೇಲೆ ಆ ಕೆಲಸ ಅವಳ ಕೈಗೆ ಬಂತು, ಹೆಂಗಸು ನೀರು ಬಿಡೋದಾ ಅಂದರು ಊರವರು, ನೀರೇ ಗಂಗಮ್ಮ, ಅದು ಗಂಡಸಾ ಅಂದಳಂತೆ ಅವ್ವ. ನನ್ನನ್ನು ಹೆತ್ತು ಅಮ್ಮ ಹೋಗಿಬಿಟ್ಟಿದ್ದರಿಂದ ನಾನು ಅವ್ವನ ಬಾಲ, ಮೂರನೇ ತೂಬಿನ ಮೇಲಿನ ಮೆಟ್ಟಿಲಲ್ಲಿ ಕೂತಿರುತ್ತೇನೆ, ಅವಳು ಕೆಳಗಿನ ಮೆಟ್ಟಿಲಲ್ಲಿ ಕೂತು, ಗದ್ದೆಗೆ ನೀರು ಬಿಡುವ ತೂಬಿನ ಬಾಯಿಗೆ ಜಡಿದ, ಗೋಣಿ ಸುತ್ತಿದ ಜೇಡಿಮಣ್ಣಿನ ಬೆಣೆ ಕೀಳಲು ನೀರೊಳಗೆ ಕೈ ಹಾಕುತ್ತಾಳೆ, ಮೊಣಕೈವರೆಗೆ, ಕಣ್ಣು ಮುಚ್ಚಿ, ಬಾಗಿಲ ಹಿಂದೆ ಯಾರೋ ಮಾತಾಡುವುದನ್ನು ಕೇಳುವವಳ ಹಾಗೆ, ನನ್ನ ಕಾದಂಬರಿ ಮುಗಿಯುವುದೂ ಅಲ್ಲೇ, ಕೈ ಒಳಗಿದೆ, ನೀರು ಇನ್ನೂ ಹೊರಟಿಲ್ಲ. ಇಷ್ಟೆಲ್ಲ ಬರೆದವಳು ಯಾವ ಕೈ ಅಂತ ಯಾಕೆ ಬರೆಯಲಿಲ್ಲ, ಯಾರಾದರೂ ಕೇಳುತ್ತಾರೆ ಅಂತ ಹೊಳೆದೇ ಇರಲಿಲ್ಲ.

ಹೊಳೆಯದೆ ಬಿಟ್ಟಿದ್ದು ಇನ್ನೂ ಒಂದಿತ್ತಲ್ಲ, ಅವ್ವ ಅಂದರೆ ಅಜ್ಜಿ ಅಂತ ನಾನು ಎಲ್ಲೂ ಬರೆದಿರಲಿಲ್ಲ, ನರೆತ ಕೂದಲು ಅಂತಲೂ ಇಲ್ಲ, ಬೊಚ್ಚುಬಾಯಿ ಅಂತಲೂ ಇಲ್ಲ, ನಮ್ಮ ಕಡೆ ತೆಲುಗಿನವರಿಗೂ ಕನ್ನಡದವರಿಗೂ ಅವ್ವ ಅಂದ ಮೇಲೆ ನರೆತ ಕೂದಲು ಅದರೊಳಗೇ ಇರುತ್ತದೆ. ಆ ಸಿನಿಮಾದ ನಿರ್ದೇಶಕರು ಉತ್ತರದ ಕಡೆಯವರು, ನಮ್ ಕಡೆ ಅವ್ವ ಅಂದ್ರ ತಾಯಿನ ಅಲ್ಲೇನ್ರಿ ಅಂದರು, ಯಾವಾಗ, ಸಿನಿಮಾ ಬಿಡುಗಡೆ ಆದ ಮೇಲೆ — ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುತ್ತಾರೆ, ಇವರು ಅಜ್ಜಿ ಮಾಡಲು ಹೋಗಿ ಅವಳ ಮಗಳನ್ನು ಮಾಡಿಬಿಟ್ಟರು. ತೆರೆಯ ಮೇಲೆ ಇಪ್ಪತ್ತರ ಚೆಲುವೆ, ಮಿಲಿಟರಿಗೆ ಹೋದ ಗಂಡನಿಗಾಗಿ ಅಳುತ್ತಾಳೆ, ಕೆರೆಯಲ್ಲಿ ನೆನೆಯುತ್ತಾಳೆ, ಹಾಡುತ್ತಾಳೆ, ಮತ್ತೆ ನೆನೆಯುತ್ತಾಳೆ, ಊರಿನವರೆಲ್ಲ ಬೈರಮ್ಮನನ್ನು ನೋಡಲು ಟ್ರ್ಯಾಕ್ಟರಿನಲ್ಲಿ ಕೋಲಾರದ ಟಾಕೀಸಿಗೆ ಬಂದಿದ್ದಾರೆ, ಪಕ್ಕದ ಮನೆಯ ಆಂಜಿನಪ್ಪ ಮಾವ ನನ್ನ ಕಿವಿಯ ಹತ್ತಿರ ಬಗ್ಗಿ, ಏಮ್ಮಾ ಸುನಂದಾ, ಮೀ ಅವ್ವ ಎಪ್ಪುಡು ವಸ್ತುಂದಿ ಅನ್ನುತ್ತಾನೆ, ನಿಮ್ಮವ್ವ ಯಾವಾಗ ಬರ್ತಾಳೆ, ನಾನು ಏನಂತ ಹೇಳಲಿ, ಇಂಟರ್‌ವಲ್ ಆದ್ಮೇಲೆ ಬರ್ತಾಳೇನೋ ಮಾವ ಅಂದೆ, ಪಾಪ ಕೊನೆಯವರೆಗೂ ಕಾದ. ಕೊನೆಗೆ ಬಂದದ್ದು ಕೈ, ತೆರೆ ತುಂಬ ಒಂದೇ ಒಂದು ಕೈ, ಬೆಣ್ಣೆಯಂಥ ಬಲಗೈ, ಹಸಿರು ಗಾಜಿನ ಬಳೆ, ಐದು ಕೆಂಪು ಉಗುರು, ನೀರಿಗೆ ಇಳಿಯಿತು, ಶುಭಂ.

ಸಿನಿಮಾ ಕೆಟ್ಟಿತು, ಓಡಲಿಲ್ಲ, ಜನ ಮರೆತರು, ನಾನೂ ಮರೆಯಬಹುದಿತ್ತು, ಎಷ್ಟು ಪುಸ್ತಕಗಳಿಗೆ ಹೀಗಾಗಿಲ್ಲ, ಆದರೆ ಆ ಕೈ ಹೋಗಲೇ ಇಲ್ಲ. ಕಣ್ಣು ಮುಚ್ಚಿ ಅವ್ವನನ್ನು ಕರೆದರೆ ಅದೇ ಬರುತ್ತದೆ, ಕೆಂಪು ಉಗುರಿನದು, ಅವ್ವನ ಜೊತೆ ಬೆಳೆದವಳು ನಾನು, ಬರೆದವಳೂ ನಾನು, ಆದರೂ ಒಂದು ಸಲ ನೋಡಿದ ಸಿನಿಮಾದ ಕೈ ಬಂದು ಅವ್ವನ ಕೈಯ ಜಾಗದಲ್ಲಿ ಕೂತುಬಿಟ್ಟಿದೆ, ಇದು ಹೇಗಾಗುತ್ತದೆ, ಅಕ್ಷರಕ್ಕಿಂತ ಚಿತ್ರಕ್ಕೆ ಯಾಕೆ ಅಷ್ಟು ಕೊಬ್ಬು, ನನಗೆ ಗೊತ್ತಾಗುವುದಿಲ್ಲ, ದುಃಖವಂತೂ ಆಗುತ್ತದೆ. ಇಷ್ಟು ಮಾತ್ರ ಉಳಿದಿದೆ, ಏನೋ ಹಸಿರು, ಅವ್ವನ ಕೈಯಲ್ಲಿ ಏನೋ ಹಸಿರಾಗಿತ್ತು, ನೀರಿಗೆ ಮುಳುಗುತ್ತಿತ್ತು, ಏಳುತ್ತಿತ್ತು, ಬಳೆಯೇ ಇರಬೇಕು ಅಂದುಕೊಳ್ಳುತ್ತೇನೆ, ತಕ್ಷಣ ಛೆ ಅದು ಸಿನಿಮಾದ ಬಳೆ ಕಣೇ, ಅವ್ವ ಗಂಡ ಸತ್ತವಳು, ಆ ಕಾಲದಲ್ಲಿ ಅವಳ ಕೈಗೆ ಬಳೆ ಎಲ್ಲಿಂದ ಬರಬೇಕು, ಹಾಗಾದರೆ ಹಸಿರೇನು? ಮಗಳು ಧನಶ್ರೀ ಬೆಳಗ್ಗೆ ಫೋನಿನಲ್ಲಿ, ಅಮ್ಮಾ ಒಂದ್ಸಲ ಕೊಟ್ಟು ಅನುಭವಿಸಿದ್ದು ಸಾಲ್ದಾ, ಸುಮ್ನೆ ಮನೇಲಿರು ಅಂದಳು, ಅವಳು ಹೇಳುವುದೂ ಸರಿ, ಈ ಹುಡುಗನೂ ತನ್ನದೊಂದು ಕೈ ತಂದಿಟ್ಟರೆ, ಅಡಿಯಲ್ಲೆಲ್ಲೋ ಉಳಿದಿರುವ ಅವ್ವ ಪೂರ್ತಿ ಮುಚ್ಚಿಹೋಗುತ್ತಾಳೆ, ನನ್ನ ಭಯ ಅಷ್ಟೇ, ಆದರೆ ಯಾವ ಕೈ ಅಂತ ಕೇಳಿದನಲ್ಲ, ಹಾಗೆ ಕೇಳುವವನು ಏನು ನೋಡುತ್ತಾನೆ ಅಂತ ನೋಡುವ ಆಸೆ. ವಕ್ಕಲೇರಿಯ ಹಾಲಿನ ಸೊಸೈಟಿಯಲ್ಲಿ ಆಯುಷ್ಯ ಕಳೆದವಳು ನಾನು, ಬೆಳ್ಳಗಿರುವುದೆಲ್ಲ ಹಾಲಲ್ಲ, ಲ್ಯಾಕ್ಟೋಮೀಟರ್ ಇಳಿಸಿಯೇ ನೋಡಬೇಕು, ಇವನಿಗೂ ಇಳಿಸುತ್ತೇನೆ, ಒಂದೇ ಪ್ರಶ್ನೆ, ಅವ್ವ ಅಂದರೆ ಯಾರು, ತಪ್ಪು ಹೇಳಿದರೆ ಅದೇ ಗೇಟಿನಲ್ಲಿ ವಾಪಸ್ ಬಸ್ಸು.

ಗೇಟು ಯಾರಮ್ಮಾ, ಇಳೀರಿ ಇಳೀರಿ — ಕೆಂಪು ಉಗುರಿನ ಹುಡುಗಿ ನನ್ನ ಚೀಲ ಕೆಳಗೆ ಇಳಿಸಿಕೊಟ್ಟಳು, ಮೆಲ್ಲಗೆ ಆಂಟಿ ಅಂದಳು, ಸುಮ್ಮನೆ ಬೈದುಕೊಂಡೆ ಇವಳನ್ನು. ರಹೀಲ್ ಬೈಕಿನ ಪಕ್ಕ ನಿಂತಿದ್ದಾನೆ, ಸಣಕಲ, ಕ್ಯಾಮೆರಾ ಇಲ್ಲ, ಕೈಯಲ್ಲಿ ನನ್ನ ಪುಸ್ತಕ, ಅಂಚೆಲ್ಲ ಹರಿದದ್ದು, ನಮಸ್ತೆ ಅನ್ನುವ ಮೊದಲೇ ನಾನು ಕೇಳಿದೆ, ಅವ್ವ ಅಂದ್ರೆ ಯಾರಪ್ಪ, ಅವನು ನನ್ನ ಮುಖ ನೋಡಿದ, ಇದೇನು ಹೀಗೆ ಕೇಳ್ತಾರೆ ಅನ್ನುವ ಹಾಗೆ, ನಾನಿ ಅಲ್ವಾ ಮೇಡಂ, ಅಮ್ಮನ ಅಮ್ಮ, ನಮ್ ನಾನಿ ಅಮೀನಾ ಬೀ, ಅವ್ರನ್ನ ಬೀದಿ ಮಕ್ಕಳೆಲ್ಲಾ ಅವ್ವ ಅಂತಾನೇ ಕರೆಯೋದು, ಅವ್ರಿಗೆ ಹಲ್ಲಿಲ್ಲ, ಬೈತಾರೆ ಮಾತ್ರ ಜೋರು, ನಿಮ್ ಬುಕ್ ಓದ್ತಾ ನಂಗೆ ಅವ್ರೇ ಕಾಣ್ಸಿದ್ದು. ಹಲ್ಲಿಲ್ಲ ಅಂತ ನಾನು ಬರೆದೇ ಇಲ್ಲ ಕಣೋ ಅಂದೆ, ಬರೀಬೇಕಾ ಮೇಡಂ ಅಂದ. ಹಾಲು ಸರಿಯಾಗಿದೆ, ಈಗ ಸರದಿ ನನ್ನದು, ಕೆರೆ ಏರಿಯ ಮೇಲೆ ಅವನ ಹಿಂದೆ ಬೈಕಿನಲ್ಲಿ ಕೂತು ಹೋಗುತ್ತ ಮೊದಲ ತೂಬು ದಾಟಿತು, ಎರಡನೆಯದು ದಾಟಿತು.

ಮೂರನೇ ತೂಬು, ಅದೇ ಮೆಟ್ಟಿಲು, ಚಿಕ್ಕದಾಗಿಬಿಟ್ಟಿದೆ, ಕೆಳಗಿನ ಮೆಟ್ಟಿಲಿಗೆ ನೀರು ತಾಗುತ್ತಿದೆ, ಪಾಚಿ, ಯಾವ ಕೈ ಮೇಡಂ ಅಂತ ಅವನು ಮತ್ತೆ ಕೇಳುತ್ತಾನೆ, ಬಲಗೈ ಅನ್ನುತ್ತೇನೆ, ಅಂದವಳು ತೋರಿಸಲು ಕೂತೇಬಿಟ್ಟೆ, ಮಂಡಿ ನೋವು ಆಮೇಲೆ ನೋಡಿಕೊಳ್ಳೋಣ, ಬಲಗೈ ನೀಡಿದೆ, ಪಾಚಿಯ ಮೇಲೆ ಕಾಲು ಜಾರಿತು, ಹುಷಾರು ಮೇಡಂ ಅಂದ, ಅವನು ಹಿಡಿಯುವ ಮೊದಲೇ ನನ್ನ ಬಲಗೈ ಪಕ್ಕದ ಕಲ್ಲುಕಂಬವನ್ನು ಹಿಡಿದಿತ್ತು. ಬಲಕ್ಕೆ ಕಂಬ. ಕಂಬ ಬಲಕ್ಕಿದೆ, ತೂಬಿನ ಬಾಯಿ ಎಡಕ್ಕೆ, ಇಲ್ಲಿ ಕೂತವರು ಯಾರೇ ಆಗಲಿ ಬಲಗೈಯಲ್ಲಿ ಕಂಬ ಹಿಡಿಯದಿದ್ದರೆ ಕೆರೆ ಪಾಲು, ನೀರಿಗೆ ಹೋಗಬಹುದಾದದ್ದು ಒಂದೇ, ಎಡಗೈ ಕಣೋ ಅಂದೆ, ಎಡಗೈ, ಹೇಳುತ್ತ ನನ್ನ ಎಡಗೈ ಇಳಿಯುತ್ತಿದೆ, ತಣ್ಣಗೆ, ಮಣಿಕಟ್ಟು ಮುಳುಗಿತು, ಒಳಗಿಂದ ನೀರು ಬೆರಳನ್ನು ಜಗ್ಗುತ್ತದೆ, ಅವ್ವ ಕೇಳುತ್ತಿದ್ದದ್ದು ಇದನ್ನೇನಾ, ನಾನು ಮೇಲಿನ ಮೆಟ್ಟಿಲಲ್ಲಿ ಕೂತು ಅವಳ ಎಡಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದೇನೆ, ಸುಕ್ಕು ಕೈ, ಮಣ್ಣು ಕಟ್ಟಿದ ಮೊಂಡು ಉಗುರು, ಮಣಿಕಟ್ಟಿನ ಮೇಲೆ ಹಸಿರು, ಬಳೆಯಲ್ಲ, ಹಚ್ಚೆ, ಹಸಿರು ಹಚ್ಚೆಯ ಚೇಳು, ಕೊಂಡಿ ಎತ್ತಿದ ಚೇಳು, ಅವ್ವಾ ಚೇಳು ಮೀನನ್ನ ಕಡಿಯಲ್ವಾ ಅನ್ನುತ್ತೇನೆ, ಬಾಯಿ ಮುಚ್ಕೊಂಡು ಕೂತ್ಕೊಳ್ಳೇ, ಅದಕ್ಕೆ ನೀರಂದ್ರೆ ಇಷ್ಟ ಅನ್ನುತ್ತಾಳೆ. ಮೇಡಂ, ಸಿನಿಮಾ ಮಾಡ್ಲಾ ಅಂತ ಹಿಂದಿನಿಂದ ಯಾರೋ, ರಹೀಲ್, ಮಾಡಪ್ಪ ಅಂತ ನನ್ನ ಬಾಯಿ ಹೇಳಿತು, ಬಳೆ ಬೇಡ ಅಂತಲೂ ಹೇಳಬೇಕು, ಕೈ ತೆಗೆದ ಮೇಲೆ ಹೇಳಿದರಾಯಿತು, ಈಗಲೇ ತೆಗೆಯಲಾರೆ, ಚೇಳು ಮುಳುಗುತ್ತದೆ, ಚೇಳು ಏಳುತ್ತದೆ, ಒದ್ದೆಯಾಗಿ, ಹಸಿರಾಗಿ, ಮುಳುಗುತ್ತದೆ —