ಒಂದು ಗಡಿಗೆಗೆ ಒಂದು ಹಕ್ಕಿ

ನಾನು ನೈಲ್ ನದಿಯ ಮಣ್ಣಿನ ಗಡಿಗೆ. ನೀರು ತುಂಬುವ ಭಾಗ್ಯ ನನಗಿರಲಿಲ್ಲ. ಈಜಿಪ್ಟಿನವರ ಥೋತ್ ದೇವರ ಹಕ್ಕಿಯ ಹೆಣವನ್ನು ಹೊಟ್ಟೆಯಲ್ಲಿಟ್ಟುಕೊಂಡು ನೆಲದಡಿಯ ಸುರಂಗದಲ್ಲಿ ಮಲಗಲೆಂದೇ ಕುಂಬಾರ ನನ್ನನ್ನು ತಟ್ಟಿದ್ದ. ಬಾಗಿದ ಕೊಕ್ಕಿನ ಆ ಬಿಳಿ ಹಕ್ಕಿ ಸತ್ತರೆ ಬಟ್ಟೆ ಸುತ್ತಿ ಗಡಿಗೆಗಿಳಿಸಿ, ಬಾಯಿಗೆ ಗಾರೆ ಮೆತ್ತುತ್ತಿದ್ದರು. ಹರಕೆ ಹೊತ್ತವರು ಅದನ್ನು ದೇವರಿಗೆ ಒಪ್ಪಿಸಬೇಕು. ಒಂದು ಗಡಿಗೆಗೆ ಒಂದು ಹಕ್ಕಿ, ಇದು ಕಟ್ಟಳೆ. ಹಕ್ಕಿ ಮಲಗಿದ ಗಡಿಗೆಯನ್ನು ಒಡೆದವನಿಗೆ ಸಾವೇ ಶಿಕ್ಷೆ.

ನನ್ನ ಪಾಲಿಗೆ ಹಕ್ಕಿ ಬರಲಿಲ್ಲ. ಹಕ್ಕಿಗಳ ಮೇವಿಗೆಂದು ಬಂದ ಧಾನ್ಯವೆಲ್ಲ ದೊಡ್ಡ ಅರ್ಚಕ ಅಂಖಹಪಿಯ ಮನೆ ಸೇರಿ, ಹಸಿದ ಹಕ್ಕಿಗಳು ದೇಗುಲದ ಕೊಳ ಬಿಟ್ಟು ಹಾರಿಹೋಗಿದ್ದವು. ನಾಲ್ಕು ಗಡಿಗೆಯಲ್ಲಿ ಒಂದಕ್ಕೆ ಮಾತ್ರ ನಿಜವಾದ ಹಕ್ಕಿ. ನನ್ನೊಳಗೆ ಒಂದು ಮುದ್ದೆ ಕೆಸರು, ಒಂದಿಷ್ಟು ಜೊಂಡು, ಶಾಸ್ತ್ರಕ್ಕೊಂದು ಗರಿ ತುರುಕಿದರು. ಹೇಸಿಗೆಯಾಯಿತು. ಬಾಯಿಗೆ ಗಾರೆ ಬಿದ್ದ ಮೇಲೆ ಗಡಿಗೆ ಯಾರಿಗೆ ದೂರು ಹೇಳೀತು?

ತಾಶೆರಿ ಎಂಬ ಮುದುಕಿ ನನ್ನನ್ನು ಎದೆಗವಚಿಕೊಂಡು ಸುರಂಗದ ಬಾಗಿಲಿಗೆ ಬಂದಳು. ಅವಳ ಪುಟ್ಟ ಮೊಮ್ಮಗಳ ಕಣ್ಣು ದಿನದಿಂದ ದಿನಕ್ಕೆ ಮಂಜಾಗುತ್ತಿತ್ತು. ಅಲ್ಲಿ ಗಡಿಗೆಗಳನ್ನು ಇಸಿದುಕೊಳ್ಳುತ್ತಿದ್ದವನು ಅರ್ಚಕ ಪದಿಹೋರ್. ಮೂವತ್ತು ವರ್ಷ ಗಡಿಗೆ ಎತ್ತಿದ ಕೈ ಅವನದು. ನನ್ನನ್ನು ಎತ್ತಿದವನು ಹಾಗೇ ನಿಂತುಬಿಟ್ಟ. ಕೆಸರಿನ ಭಾರ ತಳದಲ್ಲೇ ಕೂತಿತ್ತು. ಹಕ್ಕಿಯಾದರೆ ಉದ್ದಕ್ಕೂ ಸಮನಾಗಿ ತೂಗುತ್ತದೆ.

“ಇದರಲ್ಲಿ ದೇವರಿಲ್ಲ. ಇಂಥವು ಇನ್ನೂ ಎಷ್ಟಿವೆ?” ಎಂದು ಜನರೆದುರೇ ಗುಡುಗಿದ.

ಅಂಖಹಪಿ ನಿಧಾನವಾಗಿ ಬಂದ. “ಒಡೆದೇ ತೋರ್ಸಪ್ಪ. ಒಳಗೆ ಹಕ್ಕಿ ಸಿಕ್ಕರೆ ಮಾತ್ರ ನನ್ನನ್ನ ಬೈಬೇಡ.”

ಪದಿಹೋರ್ ನನ್ನನ್ನು ತಲೆಯ ಮೇಲೆತ್ತಿದ. ಒಡೆದುಬಿಡು ಮಾರಾಯ, ಚೂರುಚೂರಾದರೂ ಚಿಂತೆಯಿಲ್ಲ ಎಂದು ಒಳಗೊಳಗೇ ಕೂಗಿಕೊಂಡೆ. ಅಷ್ಟರಲ್ಲಿ ಮುದುಕಿ ಅವನ ಕಾಲಿಗೆ ಬಿದ್ದಳು.

“ಬ್ಯಾಡ ಸ್ವಾಮಿ! ನನ್ ಮೊಮ್ಮಗಳ ಕಣ್ಣು ಅದ್ರಾಗದೆ. ಒಡೀಬ್ಯಾಡ್ರಿ!”

ಅವನು ಕೈ ಕೆಳಗಿಳಿಸಿದ. “ಅಳಬೇಡಮ್ಮ, ನಿಂದು ಮುಟ್ಟಲ್ಲ,” ಎಂದು ನನ್ನನ್ನು ಅವಳ ಮಡಿಲಲ್ಲಿಟ್ಟ. ಸಾಲಿನಲ್ಲಿದ್ದ ಇನ್ನೊಂದು ಗಡಿಗೆಗೆ ಕೈ ಹಾಕಿದ. ಕಣ್ಣು ಮಾತ್ರ ಮುದುಕಿಯ ಮೇಲೇ ಇತ್ತು. ಮೂವತ್ತು ವರ್ಷದಲ್ಲಿ ಅದೊಂದೇ ಸಲ ಆ ಕೈ ತೂಕ ನೋಡಲಿಲ್ಲ.

ಗಡಿಗೆ ಒಡೆಯಿತು. ಹರಿದ ಬಟ್ಟೆಯೊಳಗಿಂದ ಬಾಗಿದ ಕೊಕ್ಕು ಹೊರಗೆ ಚಾಚಿಕೊಂಡಿತು.

ಅಂಖಹಪಿ ಏನೂ ಹೇಳಬೇಕಾಗಲಿಲ್ಲ. ಜನರೇ ಪದಿಹೋರನನ್ನು ಮರಳಿಗೆ ಎಳೆದುಕೊಂಡು ಹೋದರು. ತಾಶೆರಿ ನನ್ನನ್ನು ಜೋಪಾನವಾಗಿ ಕೆಳಗಿಟ್ಟು, ತಾನೂ ಒಂದು ಕಲ್ಲು ಎತ್ತಿಕೊಂಡು ಅವರ ಹಿಂದೆ ಹೋದಳು. ಆಮೇಲೆ ಅಂಖಹಪಿ ನನ್ನನ್ನು ಎರಡೂ ಕೈಯಲ್ಲಿ ಭಕ್ತಿಯಿಂದ ಎತ್ತಿ ಸುರಂಗದೊಳಗಿಟ್ಟ.

ಎರಡು ಸಾವಿರ ವರ್ಷ ಕತ್ತಲಲ್ಲಿ ಕಳೆದೆ. ಆ ಮಗುವಿಗೆ ಕಣ್ಣು ಬಂತೋ ಇಲ್ಲವೋ, ಯಾರೂ ಬಂದು ಹೇಳಲಿಲ್ಲ. ಈಗ ವಸ್ತುಸಂಗ್ರಹಾಲಯವೊಂದರ ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಮೊನ್ನೆ ಒಬ್ಬ ಹೆಂಗಸು ನನ್ನನ್ನು ಯಂತ್ರದಡಿ ಇಟ್ಟು, ಒಡೆಯದೆಯೇ ಒಳಗಿನ ಚಿತ್ರ ತೆಗೆದಳು.

“ಹಕ್ಕಿ ಇಲ್ಲ, ಬರೀ ಕೆಸರು,” ಎಂದು ನಕ್ಕು, ಹಾಗೆಯೇ ಚೀಟಿ ಬರೆದು ಅಂಟಿಸಿದಳು. ಕೆಳಗೆ ಅದನ್ನು ಕಂಡುಹಿಡಿದವಳೆಂದು ತನ್ನ ಹೆಸರು ಹಾಕಿಕೊಂಡಳು.

ಅವಳ ಮೇಲೆ ನನಗೆ ಸಿಟ್ಟಿಲ್ಲ. ಪದಿಹೋರನ ಹೆಸರು ಅವಳಿಗೆ ಯಾರು ಹೇಳಬೇಕು? ನನ್ನ ಬಾಯಿಯ ಗಾರೆ ಇನ್ನೂ ಬಿಟ್ಟಿಲ್ಲ.